ಅರವತ್ತರ ಲೆಕ್ಕ, ಅಮ್ಮನ ವರ್ಷ

೨೦೧೨ರ ಮಾರ್ಚ್ ೨೩, ಯುಗಾದಿಯ ಸಂಜೆ. ದಿಲ್ಲಿಯ ನಮ್ಮ ಸಂಘದ ಸಭಾಂಗಣದಲ್ಲಿ ಪಂಚಾಂಗ ಶ್ರವಣ ನಡೆದಿತ್ತು. ಅಪ್ಪ ತೀರಿಕೊಂಡು ಆಗಿನ್ನೂ ಮೂರು ತಿಂಗಳು, ಮನೆಯಲ್ಲಿ ಹಬ್ಬವಿರಲಿಲ್ಲ. ಪಂಚಾಂಗ ಕೇಳುವುದಕ್ಕೇನೂ ಅಡ್ಡಿಯಿಲ್ಲವೆಂದು, ಹಾಸನದಿಂದ ಬಂದು ನಮ್ಮೊಡನಿದ್ದ ತಾಯಿಯನ್ನು ಕರೆದುಕೊಂಡು ಹೋಗಿದ್ದೆ. ಪುರೋಹಿತರು ‘ನಂದನ ನಾಮ ಸಂವತ್ಸರ’ ಎಂದು ಓದಿದೊಡನೆ ಪಕ್ಕದ ಕುರ್ಚಿಯಲ್ಲಿದ್ದ ಅಮ್ಮ ನನಗೆ ಮಾತ್ರ ಕೇಳುವಂತೆ, “ಇದು ನಾನು ಹುಟ್ಟಿದ ವರ್ಷ ಕಣೋ” ಎಂದಳು. ಮತ್ತೇನೂ ಹೇಳಲಿಲ್ಲ. ಪುರೋಹಿತರು ಆಯವ್ಯಯ, ಮಳೆ ಬೆಳೆ ಎಂದು ಮುಂದುವರಿದರು. ನಾನು ಮನಸ್ಸಿನಲ್ಲೇ ಕೂಡಿ ಕಳೆಯತೊಡಗಿದೆ. ನಂದನ ಅರವತ್ತರಲ್ಲಿ ಇಪ್ಪತ್ತಾರನೆಯದು. ಹಿಂದಿನ ನಂದನ ೧೯೫೨-೫೩. ಅಂದರೆ ಅಮ್ಮನಿಗೆ ಅದೇ ವರ್ಷ ಅರವತ್ತು ತುಂಬುತ್ತಿತ್ತು. ಅದು ಮನೆಯಲ್ಲಿ ಯಾರೊಬ್ಬರ ನೆನಪಿಗೂ ಬಂದಿರಲಿಲ್ಲ.

ನಾಲ್ಕು ವರ್ಷ ಹಿಂದೆ, ೨೦೦೮ರಲ್ಲಿ, ಅಪ್ಪನ ಷಷ್ಟ್ಯಬ್ದಿಯನ್ನು ಹಾಸನದಲ್ಲಿ ಎರಡು ದಿನ ನಡೆಸಿದ್ದೆವು. ಛತ್ರ, ಅಡಿಗೆಯವರು, ಬೀಗರು ಬಿಜ್ಜರು, ಯಾವುದಕ್ಕೂ ಕಡಿಮೆಯಿರಲಿಲ್ಲ. ಅದೇಕೆ ಹಾಗೆ, ಇದೇಕೆ ಹೀಗೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ನಾನು ವಿಜ್ಞಾನದ ಪದವಿ ಪಡೆದು ಕಡತಗಳ ನಡುವೆ ಕುಳಿತವನು. ಇತಿಹಾಸ ನನ್ನ ವಿಷಯವಲ್ಲ. ಆದರೂ ಬಿಡುವಿನ ವೇಳೆಯಲ್ಲಿ ಓದಿ, ಕೇಳಿ, ಲೆಕ್ಕ ಹಾಕಿ ತಿಳಿದದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲಿಗೆ, ಅರವತ್ತೇ ಏಕೆ? ಐವತ್ತು, ನೂರು ಎನ್ನುವುದು ಹತ್ತು ಬೆರಳುಗಳ ಲೆಕ್ಕ. ಅರವತ್ತು ಆಕಾಶದ ಲೆಕ್ಕ. ಗುರುಗ್ರಹ ಹನ್ನೆರಡು ರಾಶಿಗಳನ್ನು ಸುತ್ತಲು ಸುಮಾರು ಹನ್ನೆರಡು ವರ್ಷ ಬೇಕು, ಶನಿಗೆ ಸುಮಾರು ಮೂವತ್ತು. ಎರಡಕ್ಕೂ ಸಲ್ಲುವ ಅತಿ ಚಿಕ್ಕ ಸಂಖ್ಯೆ ಅರವತ್ತು. ಗುರು ಐದು ಸುತ್ತು ಬಂದು, ಶನಿ ಎರಡು ಸುತ್ತು ಬಂದು, ಇಬ್ಬರೂ ಹೆಚ್ಚುಕಡಿಮೆ ಹೊರಟ ಜಾಗಕ್ಕೇ ಮರಳುತ್ತಾರೆ. ‘ಹೆಚ್ಚುಕಡಿಮೆ’ ಎಂದದ್ದು ಬೇಕೆಂದೇ. ಗುರುವಿನ ನಿಜವಾದ ಸುತ್ತು ೧೧.೮೬ ವರ್ಷ, ಶನಿಯದು ೨೯.೪೬. ೧೯೬೧ರ ಫೆಬ್ರುವರಿಯಲ್ಲಿ ಕೂಡಿದ್ದ ಗುರು ಶನಿಗಳು ನಡುವೆ ಎರಡು ಬಾರಿ ಬೇರೆಡೆ ಭೇಟಿಯಾಗಿ, ಹಳೆಯ ಜಾಗದ ಸಮೀಪಕ್ಕೆ ಮತ್ತೆ ಕೂಡಿ ಬಂದದ್ದು ೨೦೨೦ರ ಡಿಸೆಂಬರ್ ೨೧ರಂದು. ನಮ್ಮ ಕಾಲೊನಿಯ ತಾರಸಿಗಳ ಮೇಲೆ ಜನ ನಿಂತು ನೋಡಿದ್ದು ಅದನ್ನೇ. ೧೯೬೧ರ ಆದಿಯಲ್ಲಿ ಹುಟ್ಟಿದವರಿಗೆ ಆಕಾಶವೇ ಎರಡು ತಿಂಗಳು ಮುಂಚಿತವಾಗಿ ಷಷ್ಟ್ಯಬ್ದಿ ಮಾಡಿತೆನ್ನಬಹುದು.

ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಹೆಸರುಗಳು ಈ ಗುರುವಿನ ನಡೆಗೇ ಕಟ್ಟಿದವು. ಗುರು ಒಂದು ರಾಶಿಯಲ್ಲಿರುವ ಅವಧಿ ಒಂದು ಸಂವತ್ಸರ. ಅದು ಸುಮಾರು ೩೬೧ ದಿನ. ನಮ್ಮ ಸೌರವರ್ಷಕ್ಕಿಂತ ನಾಲ್ಕು ದಿನಕ್ಕೆ ತುಸು ಹೆಚ್ಚು ಕಡಿಮೆ. ಈ ನಾಲ್ಕು ದಿನಗಳು ಕೂಡುತ್ತಾ ಹೋಗಿ ಸುಮಾರು ೮೫ ವರ್ಷಕ್ಕೊಮ್ಮೆ ಒಂದು ಹೆಸರೇ ಹೆಚ್ಚಾಗುತ್ತದೆ. ಉತ್ತರ ಭಾರತದ ಪಂಚಾಂಗಗಳು ಆ ಹೆಸರನ್ನು ಕ್ಷಯವೆಂದು ಹಾರಿಸಿ ಗುರುವಿನ ಹಿಂದೆಯೇ ನಡೆದವು. ದಕ್ಷಿಣದವರು ಸುಮಾರು ೧೦ನೆಯ ಶತಮಾನದ ಆದಿಯಿಂದ ಈಚೆಗೆ ಹಾರಿಸುವುದನ್ನು ಬಿಟ್ಟರು. ಗುರು ಎಲ್ಲಿಯಾದರೂ ಇರಲಿ, ವರ್ಷಕ್ಕೊಂದು ಹೆಸರು, ಅರವತ್ತಕ್ಕೆ ಒಂದು ಸುತ್ತು ಎಂದು ಗೊತ್ತುಮಾಡಿಕೊಂಡರು. ದಿಲ್ಲಿಯಲ್ಲಿರುವ ನಮಗೆ ಇದರ ಪರಿಣಾಮ ಗೋಡೆಯ ಮೇಲೇ ಕಾಣುತ್ತದೆ. ೨೦೧೨ರಲ್ಲಿ ನಮ್ಮ ಮನೆಯ ಒಂಟಿಕೊಪ್ಪಲ್ ಪಂಚಾಂಗದಲ್ಲಿ ನಂದನ. ಎದುರು ಮನೆಯವರ ಹಿಂದಿ ಪಂಚಾಂಗದಲ್ಲಿ ಹದಿಮೂರು ಹೆಸರು ಮುಂದಿನ ವಿಶ್ವಾವಸು. ಆ ವಿಶ್ವಾವಸು ನಮ್ಮ ಪಂಚಾಂಗಕ್ಕೆ ಬಂದದ್ದು ೨೦೨೫ರ ಯುಗಾದಿಗೆ. ನಡುವೆ ಒಂದು ಹೆಸರು ಹಾರಿಹೋದರೆ ಉತ್ತರದವನಿಗೆ ಹುಟ್ಟಿದ ವರ್ಷದ ಹೆಸರು ಐವತ್ತೊಂಬತ್ತಕ್ಕೇ ಮರಳುತ್ತದೆ. ನಮ್ಮಲ್ಲಿ ಆ ತಕರಾರಿಲ್ಲ. ಅರವತ್ತು ತುಂಬುವುದಕ್ಕೆ ದಕ್ಷಿಣದಲ್ಲಿ ಇಷ್ಟು ಮಹತ್ವ ಬಂದದ್ದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಊಹೆ. ಊಹೆಯೆಂದೇ ಹೇಳುತ್ತಿದ್ದೇನೆ.

ನಮ್ಮ ನಾಡಿನ ಕಲ್ಲುಗಳಲ್ಲಿ ಈ ಬದಲಾವಣೆಯ ಎರಡೂ ತುದಿಗಳು ಸಿಕ್ಕುತ್ತವೆ. ಬಾದಾಮಿಯ ಬಳಿಯ ಮಹಾಕೂಟದಲ್ಲಿ ಚಾಲುಕ್ಯ ಮಂಗಲೇಶ ನಿಲ್ಲಿಸಿದ ಧರ್ಮಸ್ತಂಭದ ಶಾಸನದಲ್ಲಿ ಸಿದ್ಧಾರ್ಥ ಸಂವತ್ಸರದ ಹೆಸರಿದೆ. ಇಂದಿನ ನಮ್ಮ ಲೆಕ್ಕದಂತೆ ಅರವತ್ತರವತ್ತಾಗಿ ಹಿಂದಕ್ಕೆ ಹೋದರೆ ಅದು ಕ್ರಿ.ಶ. ೫೯೯-೬೦೦ಕ್ಕೆ ಬರುತ್ತದೆ. ವಿದ್ವಾಂಸರು ಅದರ ಕಾಲವನ್ನು ೬೦೨ ಎನ್ನುತ್ತಾರೆ. ಎರಡು ಮೂರು ವರ್ಷದ ಈ ಅಂತರ ತಪ್ಪಲ್ಲ. ಆಗ ಇಲ್ಲಿಯೂ ಗುರುವಿನ ನಿಜ ನಡೆಯನ್ನೇ ಅನುಸರಿಸುತ್ತಿದ್ದರು ಎಂಬುದರ ಗುರುತು. ಮುಂದೆ ಕಲ್ಯಾಣದ ಆರನೆಯ ವಿಕ್ರಮಾದಿತ್ಯ ಶಕವರ್ಷವನ್ನೇ ಬದಿಗಿಟ್ಟು ತನ್ನ ಚಾಲುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದನಷ್ಟೆ? ಅದು ೧೦೭೬ರ ನಳ ಸಂವತ್ಸರ. ನಮ್ಮ ಕಾಲದ ನಳ ೧೯೭೬-೭೭. ನಡುವೆ ಒಂಬೈನೂರು ವರ್ಷ, ಸರಿಯಾಗಿ ಹದಿನೈದು ಸುತ್ತು, ಒಂದು ಹೆಸರೂ ಹಾರಿಲ್ಲ. ಅರಸ ತನ್ನ ಹೆಸರಿನ ಶಕವನ್ನು ತಂದರೂ ಸಂವತ್ಸರದ ಹೆಸರನ್ನು ಮಾತ್ರ ಮುಟ್ಟಲಿಲ್ಲ. ಏಕೆಂದರೆ ಜನ ವರ್ಷವನ್ನು ಗುರುತಿಸುತ್ತಿದ್ದದ್ದು ಆ ಹೆಸರಿನಿಂದ. ಶಾಲೆಯನ್ನು ಕಾಣದ ನಮ್ಮ ಅಜ್ಜಿ ಮನೆಯ ಹದಿನಾಲ್ಕು ಮಕ್ಕಳ ಜನನವನ್ನು ಸಂವತ್ಸರ, ಮಾಸ, ತಿಥಿ ಸಹಿತ ಒಪ್ಪಿಸುತ್ತಿದ್ದಳು. ಇಸವಿ ಕೇಳಿದರೆ ಮಾತ್ರ, “ಅದೆಲ್ಲ ನಿಮ್ಮ ಆಫೀಸಿನ ಲೆಕ್ಕ” ಎನ್ನುತ್ತಿದ್ದಳು.

ಆಫೀಸಿನ ಲೆಕ್ಕದ ಮಾತನ್ನೂ ಆಡಿಬಿಡುತ್ತೇನೆ. ಅಪ್ಪ ಅಂಚೆ ಇಲಾಖೆಯಲ್ಲಿದ್ದವರು. ಅವರು ಹುಟ್ಟಿದ್ದು ಸರ್ವಧಾರಿಯ ಶ್ರಾವಣದಲ್ಲಿ, ಅಂದರೆ ೧೯೪೮ರ ಆಗಸ್ಟಿನ ಸುಮಾರಿಗೆ. ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡದ್ದು ೧-೬-೧೯೪೮. ಆ ಕಾಲದ ಮೇಷ್ಟರುಗಳ ದಯೆಯಿಂದ ನಮ್ಮ ದೇಶದಲ್ಲಿ ಜೂನ್ ಒಂದರಂದು ಹುಟ್ಟಿದವರಿಗೆ ಲೆಕ್ಕವೇ ಇಲ್ಲ. ಸೇವಾ ಪುಸ್ತಕದಲ್ಲಿ ಒಮ್ಮೆ ಕೂತ ತಾರೀಖನ್ನು ತಿದ್ದಿಸುವುದು ಸುಲಭವಲ್ಲ. ನೌಕರಿಗೆ ಸೇರಿ ಐದು ವರ್ಷದೊಳಗೆ ಅರ್ಜಿ ಹಾಕಿರಬೇಕು. ಒಂದನೆಯ ತಾರೀಖು ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬುದು ಇನ್ನೊಂದು ನಿಯಮ. ಹೀಗಾಗಿ ಅಪ್ಪನಿಗೆ ಸರಕಾರ ೨೦೦೮ರ ಮೇ ೩೧ಕ್ಕೆ ಅರವತ್ತು ತುಂಬಿಸಿತು, ಪಂಚಾಂಗ ಶ್ರಾವಣದಲ್ಲಿ ತುಂಬಿಸಿತು. ಹಿಂದಿನ ತಲೆಮಾರಿಗೆ ಈ ಎರಡು ಇಷ್ಟು ಹತ್ತಿರ ಬರುತ್ತಲೇ ಇರಲಿಲ್ಲ. ಬ್ರಿಟಿಷರ ಕಾಲದಿಂದ ಬಂದ ಕೇಂದ್ರದ ನಿವೃತ್ತಿ ವಯಸ್ಸು ೫೫. ಅದು ೫೮ ಆದದ್ದು ೧೯೬೨ರ ಡಿಸೆಂಬರಿನಿಂದ, ೬೦ ಆದದ್ದು ೧೯೯೮ರಲ್ಲಿ. ಆಮೇಲೆಯೇ ನಮ್ಮಂಥವರ ಮನೆಗಳಲ್ಲಿ ಆಫೀಸಿನ ಶಾಲು ಹಾರ ಮತ್ತು ಷಷ್ಟ್ಯಬ್ದಿಯ ಶಾಲು ಹಾರ ಒಂದೇ ವರ್ಷ ಬೀಳತೊಡಗಿದವು. ನಿವೃತ್ತಿಯ ಹಣದಲ್ಲಿ ಷಷ್ಟ್ಯಬ್ದಿ ನಡೆಯುವುದೂ ಆಗಲೇ ಆರಂಭ. ಅಪ್ಪನದೂ ಹಾಗೆಯೇ ನಡೆಯಿತು.

ಇನ್ನು ವಿಧಿಯ ವಿಷಯ. ಇದನ್ನು ನಾವು ಸಂಭ್ರಮವೆನ್ನುತ್ತೇವೆ, ಶಾಸ್ತ್ರ ‘ಶಾಂತಿ’ ಎನ್ನುತ್ತದೆ. ಶಾಂತಿಯೆಂದರೆ ಕೇಡನ್ನು ಶಮನಗೊಳಿಸುವ ಕರ್ಮ. ಗ್ರಹಣಕ್ಕೆ ಶಾಂತಿಯಿದೆ, ಮೂಲಾ ನಕ್ಷತ್ರದ ಜನನಕ್ಕೆ ಶಾಂತಿಯಿದೆ, ಕೆಟ್ಟ ಕನಸಿಗೂ ಇದೆ. ಆ ಸಾಲಿನಲ್ಲೇ ಅರವತ್ತಕ್ಕೂ ಇದೆ. ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆಯವರು ಧರ್ಮಶಾಸ್ತ್ರದ ಇತಿಹಾಸದ ಐದನೆಯ ಸಂಪುಟದಲ್ಲಿ ಈ ಶಾಂತಿಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಅರವತ್ತನೆಯ ವರ್ಷ ತೊಡಗುವಾಗಿನದು ಉಗ್ರರಥ ಶಾಂತಿ, ಹೆಸರಿನಲ್ಲೇ ಭಯವಿದೆ. ಅರವತ್ತು ತುಂಬಿದಾಗ ಷಷ್ಟ್ಯಬ್ದಿಪೂರ್ತಿ. ಎಪ್ಪತ್ತಕ್ಕೆ ಭೀಮರಥ, ಇನ್ನೊಂದು ಸಂಪ್ರದಾಯದಲ್ಲಿ ಭೀಮರಥಿಯೆಂದರೆ ಎಪ್ಪತ್ತೇಳನೆಯ ವರ್ಷದ ಏಳನೆಯ ತಿಂಗಳ ಏಳನೆಯ ರಾತ್ರಿ. ಎಂಬತ್ತು ದಾಟಿದ ಮೇಲೆ ಸಹಸ್ರಚಂದ್ರದರ್ಶನ. ಮೃತ್ಯುಂಜಯನನ್ನು, ಮೃತ್ಯುವನ್ನು ಗೆದ್ದ ಮಾರ್ಕಂಡೇಯನನ್ನು, ಅಶ್ವತ್ಥಾಮ ಮೊದಲಾದ ಏಳು ಚಿರಂಜೀವಿಗಳನ್ನು ಪೂಜಿಸಿ, ಎಳ್ಳು ಬೆಲ್ಲ ಬೆರೆಸಿದ ಹಾಲು ಕುಡಿಯುವುದು ಹುಟ್ಟುಹಬ್ಬದ ಹಳೆಯ ಕ್ರಮ. ಕೇಕು ಬರುವುದಕ್ಕೆ ಮುಂಚೆ ಅದೇ ಇದ್ದದ್ದು.

ಭಯವೇಕೆಂದು ತಿಳಿಯಲು ದೂರ ಹೋಗಬೇಕಿಲ್ಲ. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದಲ್ಲಿ ಸರಾಸರಿ ಆಯುಸ್ಸು ಸುಮಾರು ೩೨ ವರ್ಷ; ಈಗ ಎಪ್ಪತ್ತರ ಆಸುಪಾಸು. ಎಳೆಗೂಸುಗಳ ಸಾವೇ ಆ ಸರಾಸರಿಯನ್ನು ಕೆಳಗೆಳೆದಿತ್ತು, ಎಲ್ಲರೂ ಮೂವತ್ತೆರಡಕ್ಕೆ ಸಾಯುತ್ತಿದ್ದರೆಂದಲ್ಲ. ಆದರೂ ಅರವತ್ತು ಮುಟ್ಟುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ. ಗಂಡ ಹೆಂಡಿರಿಬ್ಬರೂ ಮುಟ್ಟುವುದು ಇನ್ನೂ ಅಪರೂಪ. ಹೆರಿಗೆಯಲ್ಲಿ ಹೋದ ಹೆಂಗಸರೆಷ್ಟು, ಹತ್ತು ಹದಿನೈದು ವರ್ಷ ಹಿರಿಯನನ್ನು ಮದುವೆಯಾಗಿ ವಿಧವೆಯಾದವರೆಷ್ಟು! ಅಂಥ ಕಾಲದಲ್ಲಿ ದಂಪತಿಗಳು ಜೊತೆಯಾಗಿ ಹಸೆಮಣೆಯ ಮೇಲೆ ಕೂತರೆ ಊರಿಗೆ ಊರೇ ಕಾಲಿಗೆರಗಿದ್ದರಲ್ಲಿ ಆಶ್ಚರ್ಯವಿಲ್ಲ. ತಮಿಳುನಾಡಿನ ತಿರುಕ್ಕಡೈಯೂರಿಗೆ ಅರವತ್ತು, ಎಂಬತ್ತು ತುಂಬಿದ ದಂಪತಿಗಳು ಇಂದಿಗೂ ದಿನನಿತ್ಯ ಹೋಗುತ್ತಾರೆ. ಮಾರ್ಕಂಡೇಯನಿಗಾಗಿ ಶಿವ ಯಮನನ್ನು ಒದ್ದದ್ದು ಅಲ್ಲಿಯೇ ಎಂದು ನಂಬಿಕೆ.

ಹೆಂಡತಿ ಪಕ್ಕದಲ್ಲಿ ಕೂರಬೇಕಾದದ್ದಕ್ಕೆ ಕಾರಣ ಹೋಮ. ಗೃಹಸ್ಥನ ಯಜ್ಞ ಪತ್ನಿಯಿಲ್ಲದೆ ನಡೆಯದು. ‘ಪತ್ನಿ’ ಎಂಬ ಶಬ್ದವನ್ನೇ ಪಾಣಿನಿ ಯಜ್ಞದ ಸಂಬಂಧದಿಂದ ಸಾಧಿಸಿದ್ದಾನೆ. ಮತ್ತೆ ಮಾಂಗಲ್ಯ ಕಟ್ಟುವುದು ನಮ್ಮ ದಕ್ಷಿಣದವರ ರೂಢಿ, ಇಲ್ಲಿಯ ನೆರೆಹೊರೆಯವರಿಗೆ ಅಪ್ಪ ಅಮ್ಮನ ಫೋಟೋ ತೋರಿಸಿದರೆ “ಅರವತ್ತಕ್ಕೆ ಮದುವೆಯೇ?” ಎಂದು ನಗುತ್ತಿದ್ದರು. ಆ ಫೋಟೋದಲ್ಲಿ ಅಪ್ಪ ಜರತಾರಿ ಪಂಚೆಯುಟ್ಟು ಕ್ಯಾಮರಾ ನೋಡುತ್ತಿದ್ದಾರೆ. ಅಮ್ಮ ತಲೆ ತಗ್ಗಿಸಿ ನಾಚಿಕೊಂಡಿದ್ದಾಳೆ. ಅರವತ್ತು ಸಂವತ್ಸರಗಳ ಹೆಸರಿನಲ್ಲಿ ಇಟ್ಟ ಕಲಶಗಳ ನೀರನ್ನು ಇಬ್ಬರ ತಲೆಯ ಮೇಲೂ ಸುರಿದರು. ಸಂಕಲ್ಪದಲ್ಲಿ ಮಾತ್ರ ಒಬ್ಬರ ಜನ್ಮನಕ್ಷತ್ರ, ಒಬ್ಬರ ಆಯುಸ್ಸು. ನಂದನದ ಕಲಶವೂ ಅಲ್ಲಿ ಸಾಲಿನಲ್ಲೇ ಇತ್ತು. ಅದು ಅಮ್ಮನ ವರ್ಷವೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಅವಳಿಗೆ ಹೊಳೆದಿರಬಹುದು.

ಅಪ್ಪನ ಅಂಚೆಚೀಟಿಗಳ ಆಲ್ಬಮ್ಮು ಈಗ ನನ್ನ ಬಳಿಯಿದೆ. ಅದರಲ್ಲಿ ಅವರು ಒಂದೇ ಪುಟದಲ್ಲಿ ಅಂಟಿಸಿದ ಎರಡು ಚೀಟಿಗಳಿವೆ. ಒಂದು ೧೯೫೮ರ ಏಪ್ರಿಲ್ ೧೮ರದು, ಮಹರ್ಷಿ ಧೋಂಡೊ ಕೇಶವ ಕರ್ವೆಯವರಿಗೆ ನೂರು ತುಂಬಿದ ದಿನ ಹೊರಟದ್ದು. ಬದುಕಿರುವಾಗಲೇ ಭಾರತದ ಅಂಚೆಚೀಟಿಯ ಮೇಲೆ ಬಂದ ಮೊದಲ ಭಾರತೀಯರು ಅವರು. ಎರಡನೆಯವರು ನಮ್ಮ ವಿಶ್ವೇಶ್ವರಯ್ಯನವರು, ೧೯೬೦ರ ಸೆಪ್ಟೆಂಬರ್ ೧೫. (ಅವರ ಜನ್ಮವರ್ಷವನ್ನು ೧೮೬೧ ಎಂದು ಬರೆಯುವ ಪುಸ್ತಕಗಳೂ ಇವೆ. ದೊಡ್ಡವರಿಗೂ ಈ ತಾರೀಖಿನ ತಾಪತ್ರಯ ತಪ್ಪಿಲ್ಲ.) ಇಡೀ ದೇಶ ಆಚರಿಸಿದ ಈ ಎರಡು ಹುಟ್ಟುಹಬ್ಬಗಳಲ್ಲಿಯೂ ಪಕ್ಕದ ಮಣೆ ಖಾಲಿ. ವಿಶ್ವೇಶ್ವರಯ್ಯನವರ ಗೃಹಜೀವನ ಬೇಗನೆ ಮುಗಿದದ್ದು. ಕರ್ವೆಯವರ ಕಥೆ ಬೇರೆ. ಮೊದಲ ಹೆಂಡತಿ ೧೮೯೧ರಲ್ಲಿ ತೀರಿದ ಮೇಲೆ ಅವರು ೧೮೯೩ರಲ್ಲಿ ಗೋದೂಬಾಯಿ ಎಂಬ ವಿಧವೆಯನ್ನು ಮದುವೆಯಾದರು. ಸ್ವಂತ ಊರಾದ ಮುರುಡದಲ್ಲಿ ಬಹಿಷ್ಕಾರ ಹಾಕಿದರು. ಆನಂದೀಬಾಯಿ ಎಂದು ಹೊಸ ಹೆಸರು ಪಡೆದ ಆಕೆ ಅವರ ವಿಧವಾಶ್ರಮಕ್ಕಾಗಿ ಐವತ್ತಕ್ಕೂ ಹೆಚ್ಚು ವರ್ಷ ದುಡಿದು, ಮರಾಠಿಯಲ್ಲಿ ಆತ್ಮಕಥೆಯನ್ನೂ ಬಿಟ್ಟು, ೧೯೫೦ರಲ್ಲಿ ತೀರಿಕೊಂಡರು. ಗಂಡನ ನೂರನೆಯ ಹುಟ್ಟುಹಬ್ಬಕ್ಕೆ, ಅದೇ ವರ್ಷ ಬಂದ ಭಾರತರತ್ನಕ್ಕೆ, ಆಕೆ ಇರಲಿಲ್ಲ. ಗಂಡನಿಗೆ ಹೆಂಡತಿಯಿಲ್ಲದೆಯೂ ಹುಟ್ಟುಹಬ್ಬ ನಡೆಯಿತು, ನಡೆದದ್ದು ಒಳ್ಳೆಯದೇ. ಹೆಂಡತಿಗೆ ಗಂಡನಿಲ್ಲದೆ ನಡೆಯುವುದಿಲ್ಲವೆಂದು ನಾವು ಏಕೆ ತಿಳಿದೆವು?

ಯುಗಾದಿಯ ಆ ರಾತ್ರಿ ಅಮ್ಮನನ್ನು ಕೂರಿಸಿಕೊಂಡು ಕೇಳಿದೆ. ನಂದನ ಸಂವತ್ಸರ, ಕಾರ್ತಿಕ ಹುಣ್ಣಿಮೆಯ ಮಾರನೆಯ ದಿನ, ಭಾನುವಾರ ಎಂದಳು. ಆಧಾರ್ ಕಾರ್ಡಿನಲ್ಲಿದ್ದದ್ದು ೧-೧-೧೯೫೦. ಹಳೆಯ ಹುಣ್ಣಿಮೆಗಳ ಪಟ್ಟಿ ಹುಡುಕಿ ನೋಡಿದೆ: ೧೯೫೨ರ ನವೆಂಬರ್ ೨. ವಾರ ಹೊಂದುತ್ತದೆಯೇ ಎಂದು ಎಣಿಸಿದರೆ, ಭಾನುವಾರವೇ! ಸರಕಾರಿ ಕಾಗದ ಹೆಚ್ಚುಕಡಿಮೆ ಮೂರು ವರ್ಷ ತಪ್ಪಿತ್ತು, ಅವಳ ನೆನಪು ಒಂದು ದಿನವೂ ತಪ್ಪಿರಲಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿಯೂ ನಾನು ಮಾಡಿದ್ದೇನು? ಊರಿಗೆ ಫೋನು ಮಾಡಿ ಹಿರಿಯರನ್ನು ಕೇಳಿದೆ. “ವರ್ಷಾಬ್ದಿಕ ಆಗಿಲ್ಲ, ಅವಳಿಗೆಂಥ ಷಷ್ಟ್ಯಬ್ದಿ, ಸುಮ್ಮನಿರು” ಎಂದರು. ಸುಮ್ಮನಾದೆ. ೨೦೧೨ರ ನವೆಂಬರ್ ೨೮ ಕಾರ್ತಿಕ ಹುಣ್ಣಿಮೆ, ಗುರುನಾನಕ ಜಯಂತಿಯ ರಜೆ. ಮಾರನೆಯ ದಿನ ಗುರುವಾರ ಎಂದಿನಂತೆ ಡಬ್ಬಿ ಕಟ್ಟಿಸಿಕೊಂಡು ಆಫೀಸಿಗೆ ಹೋದೆ. ಆ ಡಬ್ಬಿ ಕಟ್ಟಿದವಳು ಅಮ್ಮನೇ.

ಎಪ್ಪತ್ತು ತುಂಬಿದ್ದು ೨೦೨೨ರಲ್ಲಿ. ಆ ಬಾರಿ ನಾನು ಊರಿಗೆ ಕೇಳಲಿಲ್ಲ, ಇಲ್ಲಿಯ ನಮ್ಮ ಪುರೋಹಿತರನ್ನು ಕೇಳಿದೆ. ಅವರು ನಕ್ಕು, “ಆಯುಷ್ಯಹೋಮ ಎಳೆಮಗುವಿಗೂ ಮಾಡುತ್ತೇವಲ್ಲ, ಅದಕ್ಕೇನು ದಂಪತಿಗಳೇ ಆಗಬೇಕೆ?” ಎಂದರು. ಹತ್ತು ವರ್ಷ ಹಿಂದೆಯೂ ಅವರು ಇದೇ ಊರಿನಲ್ಲಿದ್ದರು. ಕೇಳಬೇಕಾದವನು ನಾನು ಕೇಳಿರಲಿಲ್ಲ. ನವೆಂಬರ್ ೮ರ ಹುಣ್ಣಿಮೆಯಂದು ಚಂದ್ರಗ್ರಹಣ. ದಿಲ್ಲಿಯಲ್ಲಿ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿತ್ತು. ಅಮ್ಮ ಬಿಟ್ಟ ಮೇಲೆ ಸ್ನಾನ ಮಾಡಿ ಊಟ ಮಾಡಿದಳು. ೯ರ ಬೆಳಿಗ್ಗೆ ನಮ್ಮ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಹೋಮ. ಹಾಸನದಿಂದ ನನ್ನ ಇಬ್ಬರು ಅಕ್ಕಂದಿರು ರೈಲಿನಲ್ಲಿ ಬಂದಿದ್ದರು. ನನ್ನ ಹೆಂಡತಿ ಹೂರಣ ರುಬ್ಬಿ ಒಬ್ಬಟ್ಟು ಬೇಯಿಸಿದಳು. ಎದುರು ಮನೆಯ ಸರದಾರ್ಣಿಯವರು ಹಿಂದಿನ ದಿನದ ಗುರುಪರ್ವದ ಕಡಾ ಪ್ರಸಾದ ತಂದುಕೊಟ್ಟು, ಅಮ್ಮನ ಕೈ ಹಿಡಿದುಕೊಂಡು ಪಂಜಾಬಿಯಲ್ಲಿ ಏನೋ ಹೇಳಿದರು. ಅಮ್ಮ ಕನ್ನಡದಲ್ಲಿ ಏನೋ ಹೇಳಿದಳು. ಸಂಕಲ್ಪದಲ್ಲಿ ಪುರೋಹಿತರು ಅವಳ ಹೆಸರು, ಅವಳ ನಕ್ಷತ್ರ ಹೇಳಿದಾಗ ಅವಳು ತಲೆಯೆತ್ತಿ ಅವರನ್ನೇ ನೋಡುತ್ತಿದ್ದಳು. ಮಣೆಯ ಪಕ್ಕದಲ್ಲಿ ಯಾರೂ ಹೇಳದೆಯೇ ದೊಡ್ಡಕ್ಕ ಕೂತಳು. ಎಳ್ಳು ಬೆಲ್ಲದ ಹಾಲನ್ನು ಕುಡಿದು ಅಮ್ಮ, “ಎಳ್ಳು ಸ್ವಲ್ಪ ಜಾಸ್ತಿ ಹುರಿದಿದ್ದೀರಿ” ಎಂದಳು.

ಆ ರಾತ್ರಿ ಇನ್ನೊಂದು ಲೆಕ್ಕ ಮಾಡಿದೆ. ಸಾವಿರ ಹುಣ್ಣಿಮೆಗೆ ಎಂಬತ್ತು ವರ್ಷ ಎಂಟು ತಿಂಗಳೆನ್ನುವುದು ರೂಢಿಯ ಮಾತು. ಹುಣ್ಣಿಮೆಯಿಂದ ಹುಣ್ಣಿಮೆಗೆ ೨೯.೫೩ ದಿನ; ಸಾವಿರದಿಂದ ಗುಣಿಸಿದರೆ ಎಂಬತ್ತು ವರ್ಷ ಹತ್ತು ತಿಂಗಳಾಗುತ್ತದೆ. ಅಮ್ಮ ಹುಟ್ಟಿದ ಮೇಲಿನ ಮೊದಲ ಹುಣ್ಣಿಮೆ ೧೯೫೨ರ ಡಿಸೆಂಬರ್ ೧ರಂದು. ಅಲ್ಲಿಂದ ಎಣಿಸಿದರೆ ಸಾವಿರನೆಯದು ೨೦೩೩ರ ಸೆಪ್ಟೆಂಬರ್ ೮ಕ್ಕೆ ಬರುತ್ತದೆ. ಕಾಗದದಲ್ಲಿ ಬರೆದು ಅವಳಿಗೆ ಓದಿ ಹೇಳಿದೆ.

ಅಮ್ಮ ಕನ್ನಡಕ ಹಾಕಿಕೊಂಡು ಕಾಗದವನ್ನು ತಿರುಗಿಸಿ ನೋಡಿದಳು. “ಈ ನಿನ್ನ ದಿಲ್ಲಿಯ ಹೊಗೆಯಲ್ಲಿ ಕಾಣಿಸದೇ ಹೋದ ಹುಣ್ಣಿಮೆಗಳನ್ನೂ ಸೇರಿಸಿಬಿಟ್ಟಿದ್ದೀಯೇನೋ?” ಎಂದು ಕೇಳಿದಳು. ಸೇರಿಸಿದ್ದೆ. ಅವನ್ನು ಕಳೆಯಬೇಕೇ ಬೇಡವೇ ಎಂದು ಪುರೋಹಿತರನ್ನು ಇನ್ನೂ ಕೇಳಿಲ್ಲ.